ಕಂಬಿ ಮುರಿದ ಜಾಗ

ನಾನು ಮಕ್ಕಳಿಗಾಗಿ ಸಾಹಸದ ಕಾದಂಬರಿಗಳನ್ನು ಬರೆಯುತ್ತೇನೆ, ಇಂಗ್ಲಿಷಿನಲ್ಲಿ. ಕ್ರೈಸ್ತ ಮನೆಗಳ ಮಕ್ಕಳಿಗೆಂದೇ ಪುಸ್ತಕ ಮಾಡುವ ಒಂದು ಸಣ್ಣ ಪ್ರಕಾಶನ ಅವನ್ನು ಅಚ್ಚು ಹಾಕುತ್ತದೆ. ಹೊಟ್ಟೆಪಾಡಿಗೆ ಬರ್ಮಿಂಗ್‌ಹ್ಯಾಮ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆ ಕೆಲಸದ ಗುಣ ಬರವಣಿಗೆಗೂ ಅಂಟಿಕೊಂಡಿದೆ. ದಿನಚರಿಯಲ್ಲಿ ತಾರೀಕು ಹಾಕಿ, ಅಂದು ಬರೆದ ಪದಗಳನ್ನು ಎಣಿಸಿಡುತ್ತೇನೆ. ಪ್ರತಿ ಅಧ್ಯಾಯದ ಎದುರಿಗೆ ಎರಡು ಲೆಕ್ಕ: ಅಪಾಯ ಎಷ್ಟು, ಪ್ರಾರ್ಥನೆ ಎಷ್ಟು. ಮೂರು ಅಪಾಯಕ್ಕೆ ಒಂದು ಪ್ರಾರ್ಥನೆ ಇದ್ದರೆ ಸರಿಹೋಗುತ್ತದೆ. ಎರಡಾದರೆ ಮಕ್ಕಳು ಆಕಳಿಸುತ್ತಾರೆ.

ಆಕಳಿಸುವುದು ತಿಳಿಯುವುದು ಭಾನುವಾರ. ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ಒಂದು ಇಂಗ್ಲಿಷ್ ಚರ್ಚಿನ ಹಾಲ್ ಮಧ್ಯಾಹ್ನ ಬಾಡಿಗೆಗೆ ಸಿಗುತ್ತದೆ. ಆರಾಧನೆ ಮುಗಿದು ದೊಡ್ಡವರು ಚಹಾ ಕುಡಿಯುವ ಹೊತ್ತಿಗೆ ಸಂಡೇ ಸ್ಕೂಲಿನ ಮಕ್ಕಳನ್ನು ಕೂರಿಸಿಕೊಂಡು ಹೊಸ ಅಧ್ಯಾಯ ಓದುತ್ತೇನೆ.

ಹೋದ ಅಕ್ಟೋಬರಿನಲ್ಲಿ ಓದಿದ್ದು ಸುರಂಗದ ಅಧ್ಯಾಯ. ಅದಕ್ಕಾಗಿ ಊರಿನ ಪಶ್ಚಿಮಕ್ಕಿರುವ ಹಳೆಯ ಕಾಲುವೆ ಸುರಂಗದಲ್ಲಿ ಎರಡು ಸಲ ನಡೆದಿದ್ದೆ. ಗುಡ್ಡದ ಹೊಟ್ಟೆಯೊಳಗೆ ಹಾಯುವ ನೀರು, ಪಕ್ಕದಲ್ಲಿ ಒಬ್ಬರೇ ನಡೆಯುವಷ್ಟು ದಾರಿ, ನೀರಿಗೆ ಬೀಳದಂತೆ ಅಂಚಿಗೆ ಕಬ್ಬಿಣದ ಕಂಬಿ. ಗಾಳಿಗೆಂದು ಗುಡ್ಡದ ನೆತ್ತಿಯಿಂದ ಬಾವಿಯಂತೆ ಕೊರೆದ ಕಿಂಡಿಗಳು ಅಲ್ಲಲ್ಲಿ ಇವೆ. ಅವುಗಳ ಕೆಳಗೆ ಮಾತ್ರ ಒಂದಿಷ್ಟು ಬೂದು ಬೆಳಕು. ಇಳಿಯುವ ಬಸ್ ಸ್ಟಾಪ್, ಗೇಟು, ಮೆಟ್ಟಿಲು ಎಲ್ಲವನ್ನೂ ಇದ್ದ ಹಾಗೆಯೇ ಬರೆದೆ. ಬದಲಾಯಿಸಿದ್ದು ಒಂದನ್ನು. ಮೊದಲ ಕಿಂಡಿ ದಾಟಿದ ಕೂಡಲೇ ಕಂಬಿ ಮುರಿದುಹೋಗಿರುವ ಜಾಗವಿದೆ. ಅಪಾಯ ಅಷ್ಟು ಬೇಗ ಬಂದರೆ ಕಥೆ ಏರುವುದಿಲ್ಲವೆಂದು ಅದನ್ನು ಎರಡನೆಯ ಕಿಂಡಿಯ ಆಚೆಗೆ ಹಾಕಿದೆ.

ಕಥೆಯಲ್ಲಿ ಅಣ್ಣ ತಂಗಿ ಸುರಂಗ ಹೊಗುತ್ತಾರೆ, ಟಾರ್ಚ್ ಆರಿಹೋಗುತ್ತದೆ, ಇಬ್ಬರೂ ಪ್ರಾರ್ಥಿಸುತ್ತಾರೆ. ಆಮೆನ್ ಎಂದ ಮೇಲೆ ದೂರದಲ್ಲಿ ಒಂದು ಬೆಳಕು ಕಾಣುತ್ತದೆ. ಅದೊಂದು ದೋಣಿ.

ಓದಿ ಮುಗಿಸಿದಾಗ ಹನ್ನೊಂದು ವರ್ಷದ ಒಬ್ಬ ಹುಡುಗಿ, ನಮ್ಮ ಸಭೆಯ ನರ್ಸ್ ಒಬ್ಬರ ಮಗಳು, ಇಂಗ್ಲಿಷಿನಲ್ಲೇ ಕೇಳಿದಳು: "ಅದು ನಿಜವಾದ ಸುರಂಗವಾ ಅಕ್ಕಾ?"

"ಪ್ರತಿ ಇಂಚೂ ನಿಜ. ನಾನೇ ನಡೆದು ನೋಡಿದ್ದೀನಿ."

"ಬೆಳಕು ಕೂಡ?"

ಪಕ್ಕದ ಹುಡುಗ ಅಣಕಿಸಿದ. "ದೋಣಿಯ ಲೈಟ್ ಅದು, ಪೆದ್ದಿ. ದೇವದೂತ ಅಂದುಕೊಂಡ್ಯಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಹೇಳುವುದು ಹಾಗೆಯೇ ಉಳಿಯಿತು.

ಆ ಶುಕ್ರವಾರ ಸಂಜೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹುಡುಗಿಯ ತಾಯಿಯ ಫೋನ್ ಬಂತು. ಅವರು ಧಾರವಾಡದ ಕಡೆಯವರು.

"ಅಕಿ ಇನ್ನೂ ಮನಿಗೆ ಬಂದಿಲ್ಲವ್ವಾ. ಫೋನ್ ಹತ್ತವಲ್ದು. ನಿನಗೇನರ ಹೇಳ್ಯಾಳೇನು?"

"ನನಗೇನೂ ಹೇಳಿಲ್ಲ ಆಂಟಿ. ಏನಾಯ್ತು?"

"ಮುಂಜಾನೆ ಕೇಳಿದ್ಲು, ಟನೆಲ್‌ನ್ಯಾಗ ಸಿಗ್ನಲ್ ಬರ್ತದೇನು ಮಮ್ಮಿ ಅಂತ. ನಾ ಡ್ಯೂಟಿಗೆ ಹೊಂಟಿದ್ದೆ, ಹೋಮ್‌ವರ್ಕ್ ಇರಬೇಕು ಅನ್ಕೊಂಡೆ."

ಲ್ಯಾಪ್‌ಟಾಪ್ ಮುಚ್ಚಿದೆ. "ಟಾರ್ಚ್ ತಗೊಂಡು ಹೋಗಿದ್ದಾಳಾ?"

"ಟಾರ್ಚ್ ಇಲ್ಲೇ ಟೇಬಲ್ ಮ್ಯಾಲ ಅದ. ನಿನ್ನೆನ ಹೊಸಾ ಸೆಲ್ ಹಾಕಿಸ್ಕೊಂಡಿದ್ಲು. ಬಿಟ್ಟು ಹೋಗ್ಯಾಳ."

ಮರೆತು ಬಿಟ್ಟದ್ದಲ್ಲ. ಕಥೆಯ ಮಕ್ಕಳಿಗೆ ಬೆಳಕು ಕಂಡದ್ದು ಟಾರ್ಚ್ ಇಲ್ಲದಾಗ.

ಪೊಲೀಸರಿಗೆ ತಿಳಿಸಿದೆವು. ತಾಯಿ ನನ್ನ ಮನೆಗೆ ಬಂದರು, ಅವರ ಕಾರಿನಲ್ಲೇ ಹೊರಟೆವು. ಆಸ್ಪತ್ರೆಯ ನೀಲಿ ಸಮವಸ್ತ್ರವನ್ನೂ ಅವರು ಬಿಚ್ಚಿರಲಿಲ್ಲ. ಪ್ರತಿ ಸಿಗ್ನಲ್‌ನಲ್ಲೂ ಕೆಂಪು. ಸ್ಟಿಯರಿಂಗ್ ಹಿಡಿದು "ಯೇಸಪ್ಪಾ, ಯೇಸಪ್ಪಾ" ಎನ್ನುತ್ತಲೇ ಇದ್ದರು. ನನ್ನ ಬಾಯಲ್ಲಿ ಒಂದು ಪ್ರಾರ್ಥನೆಯೂ ಬರಲಿಲ್ಲ. ಕತ್ತಲಲ್ಲಿ ಕಂಬಿಯ ಮೇಲೆ ಕೈ ಜಾರಿಸುತ್ತ ನಡೆಯುವ ಹುಡುಗಿ ಕಣ್ಣ ಮುಂದೆ ಬರುತ್ತಿದ್ದಳು. ಮೊದಲ ಕಿಂಡಿಯನ್ನು ಅವಳು ಧೈರ್ಯವಾಗಿ ದಾಟುತ್ತಾಳೆ. ಕಂಬಿ ಇನ್ನೂ ಇದೆ ಎಂದು ಅವಳಿಗೆ ನಾನೇ ಹೇಳಿದ್ದೇನೆ. ಇದನ್ನು ತಾಯಿಗೆ ಹೇಳಲು ಎರಡು ಸಲ ಬಾಯಿ ತೆರೆದೆ. ಆಗಲಿಲ್ಲ.

ಸುರಂಗದ ಬಾಯಿಗೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ತಾಯಿ ಮಗಳ ಹೆಸರು ಹಿಡಿದು ಕೂಗಿದರು. ಒಳಗಿನಿಂದ ಅದೇ ಹೆಸರು ಹಲವು ಸಲ ಮರಳಿ ಬಂತು.

"ನೀ ಹೋಗು. ನಿನಗ ದಾರಿ ಗೊತ್ತದ," ಎಂದು, ಮಗಳು ಬಿಟ್ಟುಹೋಗಿದ್ದ ಟಾರ್ಚನ್ನು ನನ್ನ ಕೈಗಿಟ್ಟರು. "ನಾ ಇಲ್ಲೇ ನಿಂತು ಪೊಲೀಸರನ್ನ ಕರಕೊಂಡು ಬರ್ತೇನಿ."

ನಾನು ನಡೆದೆ. ಗೋಡೆಯಿಂದ ನೀರು ತೊಟ್ಟಿಕ್ಕುವ ಸದ್ದು, ನನ್ನದೇ ಹೆಜ್ಜೆಯ ಸದ್ದು. ಟಾರ್ಚ್ ಬೆಳಕನ್ನು ದಾರಿಗೆ ಬಿಡಬೇಕೋ ನೀರಿಗೆ ಬಿಡಬೇಕೋ ತಿಳಿಯಲಿಲ್ಲ. ನೀರಿನ ಮೇಲೆ ಏನೋ ಕಪ್ಪಗೆ ತೇಲುತ್ತಿತ್ತು. ಅಲ್ಲೇ ಕಾಲು ನಿಂತವು. ಬಗ್ಗಿ ಅದರ ಮೇಲೆ ಬೆಳಕು ಹಿಡಿದೆ. ಕೊನೆಗೆ ನೋಡಿದರೆ ಕಸದ ಪ್ಲಾಸ್ಟಿಕ್ ಚೀಲ. ಮುಂದೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಮೊದಲ ಕಿಂಡಿಯ ಕೆಳಗೆ ಗೋಡೆಗೊರಗಿ ಕೂತಿದ್ದಳು. ಮೇಲಿನಿಂದ ಬೀಳುವ ನೀರಿಗೆ ತಲೆ ಒದ್ದೆಯಾಗಿತ್ತು. ಆ ತುಂಡು ಬೆಳಕು ಬಿಟ್ಟು ಮುಂದೆ ಹೋಗಲೂ ಹಿಂದೆ ಬರಲೂ ಹೆದರಿ ಅಲ್ಲೇ ಉಳಿದಿದ್ದಳು.

"ಪ್ರಾರ್ಥನೆ ಮಾಡಿದೆ," ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. "ದೋಣಿ ಬರಲಿಲ್ಲ."

ತಬ್ಬಿಕೊಂಡೆ. ಅವಳ ಭುಜದಾಚೆ ಟಾರ್ಚಿನ ಬೆಳಕು ಬಿತ್ತು. ನಾಲ್ಕಾರು ಹೆಜ್ಜೆ ಮುಂದೆ ಕಂಬಿ ಇರಲಿಲ್ಲ. ಅವಳೂ ತಿರುಗಿ ನೋಡಿದಳು.

"ಅದು ಎರಡನೇ ಕಿಂಡಿ ಆದಮೇಲೆ ಅಲ್ವಾ?"

"ಬಾ, ಮಮ್ಮಿ ಕಾಯ್ತಿದ್ದಾರೆ," ಎಂದೆ.

ಹೊರಗೆ ತಾಯಿ ಮಗಳಿಗೆ ಒಂದು ಏಟು ಕೊಟ್ಟು, ಆಮೇಲೆ ಅಪ್ಪಿಕೊಂಡು ಅತ್ತರು. "ಕರ್ತನ ನೋಡು ನಿನ್ನ ಕಳಿಸಿದ್ದು," ಎಂದು ನನ್ನ ಕೈ ಹಿಡಿದರು.

"ಇಲ್ಲ ಮಮ್ಮಿ, ನೀನು ಫೋನ್ ಮಾಡಿ ಕರೆಸಿದ್ದು," ಎಂದಳು ಮಗಳು.

ಆಗ ಬಂದ ಪೊಲೀಸರು ಅವಳನ್ನು ಮಾತಾಡಿಸಿ, ಬುದ್ಧಿ ಹೇಳಿ ಹೋದರು. ಕಾರು ಹತ್ತಿದ ಮೇಲೆ ಹಿಂದಿನ ಸೀಟಿನಿಂದ ಅವಳು ಬಿಡದೆ ಕೇಳಿದಳು. "ಕಂಬಿ ಯಾಕೆ ಬದಲಾಯಿಸಿದೆ?"

"ಕಥೆಗೆ ಬೇಕಿತ್ತು."

ತಾಯಿ ಕಾರು ಶುರು ಮಾಡದೆ ನನ್ನತ್ತ ತಿರುಗಿದರು. ಮುರಿದ ಕಂಬಿಯ ವಿಷಯ ಪೂರ್ತಿ ಹೇಳಬೇಕಾಯಿತು. ಕೇಳುತ್ತ ಅವರ ಮುಖದ ಬಣ್ಣ ಇಳಿಯಿತು. "ಅಕಿ ಹುಡುಗಿ. ನಿನಗರ ಬುದ್ಧಿ ಬ್ಯಾಡೇನು?"

"ದೋಣಿ?" ಎಂದಳು ಹುಡುಗಿ.

"ನಾನು ಹೋದಾಗ ದೋಣಿ ಇರಲಿಲ್ಲ."

"ನೀನು ಪ್ರಾರ್ಥನೆ ಮಾಡಿದ್ಯಾ?"

"ಇಲ್ಲ. ಕೈಯಲ್ಲಿ ಟಾರ್ಚ್ ಇತ್ತು."

"ಮಾಡಿದ್ರೆ ಬರ್ತಿತ್ತಾ?"

"ನನಗೆ ಗೊತ್ತಿಲ್ಲ," ಎಂದೆ.

ಅವಳು ಹೇಳಿದಳು: "ಹಾಗಿದ್ರೆ ಅವನಿಗೂ ಹೇಳು. ನಾಳೆ ಬೆಳಗ್ಗೆ ತಾನೂ ಹೋಗ್ತೀನಿ ಅಂದಿದ್ದಾನೆ. ನನಗಿಂತ ದೂರ, ಎರಡನೇ ಕಿಂಡಿ ತನಕ."

ಅಂದು ಅಣಕಿಸಿದ್ದನಲ್ಲ, ಆ ಹುಡುಗ. ಉಳಿದ ಮಕ್ಕಳಲ್ಲಿ ಯಾರು ಯಾರಿಗೆ ಏನೇನು ಹೇಳಿದ್ದಾರೋ.

"ಈಗ ಹಚ್ಚು ಫೋನು," ಎಂದರು ತಾಯಿ. "ಅಕಿ ಮುಂದನ ಹಚ್ಚು. ಎಲ್ಲಾರ ಮನಿಗೂ."

ಹುಡುಗನ ತಂದೆಯೇ ಎತ್ತಿದರು. "ಏನಮ್ಮಾ, ಹೊಸ ಚಾಪ್ಟರ್ ರೆಡಿನಾ? ಇವನು ಬರೀ ಅದನ್ನೇ ಮಾತಾಡ್ತಿದ್ದಾನೆ."

"ಅಂಕಲ್, ನಾನು ಓದಿದ್ದರಲ್ಲಿ ಒಂದು ಸುಳ್ಳಿದೆ. ಅವನನ್ನ ಕರೀತೀರಾ?"

"ಎರಡು," ಎಂದಳು ಹಿಂದಿನಿಂದ ಹುಡುಗಿ.

ಹುಡುಗ ಲೈನಿಗೆ ಬಂದ. ಎರಡನ್ನೂ ಹೇಳಿದೆ, ಕಂಬಿಯದನ್ನು ಮೊದಲು, ದೋಣಿಯದನ್ನು ಆಮೇಲೆ.