ಅಪ್ಪನ ಕಾರಿನ ಮುಂದಿನ ಸೀಟು

ಅಪ್ಪ ತೀರಿಕೊಂಡ ಮೇಲೆ ಅವರ ಬಿಳಿ ಅಂಬಾಸಿಡರ್ ಕಾರು ನನ್ನ ಪಾಲಿಗೆ ಬಂತು. ನಾನು ಪಾಠ ಹೇಳಲು ಬೀದರ್‌ನಿಂದ ಭಾಲ್ಕಿಯ ಕಾಲೇಜಿಗೆ ದಿನವೂ ಹೋಗಿಬರುವವಳು. ಅದರಲ್ಲೇ ಓಡಾಡಬೇಕೆಂದು ಹಟ ಹಿಡಿದು ರಿಪೇರಿಗೆ ಕೊಟ್ಟೆ.

ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು, ಸ್ಟೀರಿಂಗ್ ಹಗುರ ಮಾಡಿಸಿ ಹೊಸ ಬ್ರೇಕು ಹಾಕಿಸಿದ್ದಾಯಿತು. ಉಳಿದದ್ದು ಬೆಂಚಿನಂತೆ ಉದ್ದಕ್ಕಿದ್ದ ಮುಂದಿನ ಸೀಟು. ಅಪ್ಪನಷ್ಟು ಎತ್ತರವಿಲ್ಲದ ನನಗೆ ಕ್ಲಚ್ಚು ಎಟುಕುತ್ತಿರಲಿಲ್ಲ.

"ಇದನ್ನ ತೆಗೆದು ಎರಡು ಬ್ಯಾರೆ ಸೀಟ್ ಕೂಡಿಸೋಣೇನ್ರಿ? ಬೆಲ್ಟೂ ಬರ್ತದರಿ," ಎಂದ ಮೇಸ್ತ್ರಿ.

ಅಪ್ಪ ಕೂತ ಜಾಗ ಅದು. ಅವ್ವನನ್ನು ಕೇಳದೆ ಹೂಂ ಎನ್ನಲು ಮನಸ್ಸಾಗಲಿಲ್ಲ. ಸಂಜೆ ಕೇಳಿದರೆ ಅವ್ವ ರೊಟ್ಟಿಯ ಹಿಟ್ಟು ನಾದುತ್ತಲೇ, "ತೆಗಿ. ನಾ ಒಂದಿನಾನೂ ಆ ಸೀಟಿನ್ಯಾಗ ಕುಂತಿಲ್ಲ," ಎಂದಳು.

ನಿಜವೇ. ಅಪ್ಪನ ಪಕ್ಕದಲ್ಲಿ ಯಾವಾಗಲೂ ಕಾಕಾ, ಇಲ್ಲವೇ ಅಪ್ಪನ ದೋಸ್ತರು. ಅವ್ವ ಹಿಂದೆ, ಮಕ್ಕಳ ನಡುವೆ, ಬುತ್ತಿಗಂಟು ಹಿಡಿದು ಕೂರುತ್ತಿದ್ದಳು.

ಕಾರು ಸಿದ್ಧವಾದ ಮೇಲೆ ಒಂದು ಭಾನುವಾರ ಔರಾದಿನ ಸೋದರಮಾವನ ಮನೆಗೆ ಹೊರಟೆವು. ಅವ್ವ ರೂಢಿಯಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ನಾನು ಮುಂದಿನದನ್ನು ತೆರೆದು ನಿಂತೆ. ಸ್ವಲ್ಪ ಹೊತ್ತು ಸೀಟನ್ನೇ ನೋಡಿ, ಸೆರಗು ಸರಿಮಾಡಿಕೊಂಡು ಹತ್ತಿದಳು.

ಜನವಾಡ ದಾಟುವ ತನಕ ಎದೆಯ ಮೇಲಿನ ಬೆಲ್ಟನ್ನು ಹಿಡಿದೇ ಕೂತಿದ್ದಳು. ಆಮೇಲೆ ಶುರುವಾದಳು: "ಸಾವಕಾಶ ಹೊಡಿ. ಎದುರಿಗೆ ಲಾರಿ ಬಂತು. ಅಲ್ಲಿ ನೋಡು, ತೊಗರಿ ಹ್ಯಾಂಗ ಹೂ ಬಿಟ್ಟದ!"

ಮಾವನ ಮನೆಯ ಮುಂದೆ ನಿಲ್ಲಿಸಿದೆ. ಅವ್ವ ಇಳಿಯಲಿಲ್ಲ.

"ಹಂಗೇ ಕಮಲನಗರದ ತನಕ ಹೋಗಿ ಬರೋಣೇನು?" ಎಂದಳು.

ಬಾಗಿಲಿಗೆ ಬಂದ ಮಾವನಿಗೆ ಕೈಬೀಸಿ ಕಾರು ತಿರುಗಿಸಿದೆ.