ಯಸಳೂರು ರಸ್ತೆಯ ಐದು ಕಿಲೋಮೀಟರ್

2007ರಲ್ಲಿ ನಾನು ಆಲೂರು ತಾಲ್ಲೂಕಿನಲ್ಲಿ ಸರ್ಕಾರಿ ಭೂಮಾಪಕನಾಗಿದ್ದೆ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷಗಳಾಗಿದ್ದವು. ಆಲೂರಿಗೆ ಬರುವ ಮೊದಲು ಸಕಲೇಶಪುರದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದರಿಂದ ಅಲ್ಲಿನ ಎಸ್ಟೇಟುಗಳ ಗಡಿಕಲ್ಲುಗಳಲ್ಲಿ ಬಹುಪಾಲು ನನಗೆ ಮುಖಪರಿಚಯದವು. ನನ್ನ ಅಳತೆಯ ಮೇಲೆ ತಕರಾರು ಅರ್ಜಿಗಳು ಬಂದದ್ದುಂಟು. ಮರು ಅಳತೆಯಲ್ಲಿ ಅವುಗಳಲ್ಲಿ ಒಂದೂ ನಿಂತದ್ದಿಲ್ಲ. ಇದನ್ನು ಜಂಬಕ್ಕಾಗಿ ಬರೆಯುತ್ತಿಲ್ಲ. ಮುಂದೆ ಹೇಳುವ ಸಂಗತಿಗೆ ಇದು ಗೊತ್ತಿರಬೇಕು.

ಕಾಫಿ ಕೊಯ್ಲಿನ ಗಡಿಬಿಡಿ ತಗ್ಗಿದ ಫೆಬ್ರವರಿಯಲ್ಲಿ ಯಸಳೂರಿನ ಯುವಕ ಸಂಘದವರು ಹತ್ತು ಕಿಲೋಮೀಟರ್ ರಸ್ತೆ ಓಟ ಏರ್ಪಡಿಸಿದ್ದರು. ಬಸ್ ನಿಲ್ದಾಣದಿಂದ ಐದು ಕಿಲೋಮೀಟರ್ ಹೋಗಿ, ರಸ್ತೆಯಲ್ಲಿಟ್ಟ ಡಾಂಬರು ಡ್ರಮ್ಮನ್ನು ಸುತ್ತಿ ಹಿಂದಿರುಗಬೇಕು. ಹೆಣ್ಣುಮಕ್ಕಳಲ್ಲಿ ಯಾರು ನಲವತ್ತು ನಿಮಿಷದೊಳಗೆ ಮುಗಿಸುತ್ತಾರೋ ಅವರ ಹೆಸರು ರಾಜ್ಯಮಟ್ಟದ ತರಬೇತಿ ಶಿಬಿರಕ್ಕೆ ಹೋಗುವುದೆಂದು ಆಯ್ಕೆ ಸಮಿತಿ ಮೊದಲೇ ತಿಳಿಸಿತ್ತು. ಮಾರ್ಗವನ್ನು ಅಳೆದುಕೊಡಲು ಸಂಘದವರು ನನ್ನನ್ನು ಕೇಳಿದರು. ರಜೆ ಹಾಕಿ, ನನ್ನ ಚೈನ್‌ಮ್ಯಾನ್ ದ್ಯಾವಯ್ಯನನ್ನು ಕರೆದುಕೊಂಡು ಹೋದೆ. ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯುವವನನ್ನು ನಮ್ಮಲ್ಲಿ ಚೈನ್‌ಮ್ಯಾನ್ ಎನ್ನುತ್ತಾರೆ. ಮೂವತ್ತು ಮೀಟರಿನ ಉಕ್ಕಿನ ಟೇಪಿನಲ್ಲಿ ಎರಡು ದಿನ ಅಳೆದೆವು. ಪ್ರತಿ ಐನೂರು ಮೀಟರಿಗೆ ಡಾಂಬರಿನಲ್ಲಿ ಮೊಳೆ ಹೊಡೆದು ಬಿಳಿ ಬಣ್ಣ ಬಳಿದೆವು.

ಓಟದಲ್ಲಿ ಹೆಣ್ಣುಮಕ್ಕಳ ಪೈಕಿ ಮೊದಲು ಬಂದವಳು ಹೊಂಗಡಹಳ್ಳದ ಕಡೆಯ ಸಣ್ಣ ಬೆಳೆಗಾರ ಪುಟ್ಟೇಗೌಡರ ಮಗಳು ಸುಮಿತ್ರಾ. ಹತ್ತೊಂಬತ್ತು ವರ್ಷ, ಡಿಗ್ರಿ ಎರಡನೆಯ ವರ್ಷ. ಅವಳ ಸಮಯ ಮೂವತ್ತೊಂಬತ್ತು ನಿಮಿಷ ನಲವತ್ತಾರು ಸೆಕೆಂಡು. ನಲವತ್ತರೊಳಗೆ ಮುಗಿಸಿದವಳು ಅವಳೊಬ್ಬಳೇ.

ನಾಲ್ಕನೆಯ ದಿನ ಸಂಘಕ್ಕೆ ಆಯ್ಕೆ ಸಮಿತಿಯ ಸಂಚಾಲಕರ ಪತ್ರ ಬಂತು. ಸಂಚಾಲಕರು ದೊಡ್ಡ ಎಸ್ಟೇಟಿನವರು, ಸ್ವತಃ ಓಟದ ಅಭ್ಯಾಸವಿದ್ದವರು. ಅಂದು ಅವರೂ ಓಡಿದ್ದರು. ಅವರ ಕೈಯಲ್ಲಿ ವಿದೇಶದಿಂದ ತರಿಸಿದ, ಇಟ್ಟಿಗೆಯ ಚೂರಿನಷ್ಟು ದಪ್ಪದ ಜಿಪಿಎಸ್ ಗಡಿಯಾರವಿತ್ತು. ಉಪಗ್ರಹಗಳ ಸಂಕೇತ ಹಿಡಿದು, ಧರಿಸಿದವರು ಎಷ್ಟು ದೂರ ಓಡಿದರೆಂದು ಅದು ತೋರಿಸುತ್ತಿತ್ತು. ಅಂದು ಅದು ತೋರಿಸಿದ್ದು 9.43 ಕಿಲೋಮೀಟರ್. ಪತ್ರದಲ್ಲಿ ಹೀಗಿತ್ತು: 'ಸ್ಥಳೀಯವಾಗಿ ಅಂದಾಜಿನ ಮೇಲೆ ಅಳೆದ ಮಾರ್ಗವು 570 ಮೀಟರ್ ಕಡಿಮೆ ಇರುವುದರಿಂದ ಸದರಿ ಸಮಯವನ್ನು ಪರಿಗಣಿಸಲಾಗದು.' ನನ್ನ ಹೆಸರು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. 'ಅಂದಾಜಿನ ಮೇಲೆ' ಎಂಬ ಎರಡು ಪದಗಳಿದ್ದವು. ಆ ಪತ್ರದ ಜೆರಾಕ್ಸ್ ಇಂದಿಗೂ ನನ್ನ ಬಳಿ ಇದೆ.

570 ಮೀಟರ್ ಓಡಲು ಸುಮಿತ್ರಾಳಿಗೆ ಎರಡೂಕಾಲು ನಿಮಿಷ ಬೇಕು. ಅದನ್ನು ಸೇರಿಸಿದರೆ ಅವಳ ಸಮಯ ನಲವತ್ತೆರಡನ್ನು ದಾಟುತ್ತಿತ್ತು. ಶಿಬಿರದ ಬಾಗಿಲು ಅಲ್ಲಿಗೆ ಮುಚ್ಚಿದಂತೆಯೇ. ಹೆಸರುಗಳ ಪಟ್ಟಿ ಶನಿವಾರ ಕಳುಹಿಸಬೇಕಾಗಿತ್ತು. ಪತ್ರ ನನ್ನ ಕೈಸೇರಿದ್ದು ಅದೇ ವಾರದ ಸೋಮವಾರ.

ಮಂಗಳವಾರ ನಾನೂ ಪುಟ್ಟೇಗೌಡರೂ ಸಂಚಾಲಕರ ಎಸ್ಟೇಟ್ ಆಫೀಸಿಗೆ ಹೋದೆವು. ಸಮಿತಿಯ ಇನ್ನಿಬ್ಬರು ಸದಸ್ಯರು ಕುರ್ಚಿಗಳಲ್ಲಿದ್ದರು. ನನಗೆ ಬಾಗಿಲ ಬಳಿ ಲೆಕ್ಕ ಬರೆಯುವ ರೈಟರ್ ಕೂರುವ ಸ್ಟೂಲನ್ನು ತೋರಿಸಿದರು. ಪುಟ್ಟೇಗೌಡರಿಗೆ ಅದೂ ಇರಲಿಲ್ಲ. ಅವರು ನಿಂತರು, ಅವರು ನಿಂತದ್ದರಿಂದ ನಾನೂ ನಿಂತೆ. ಮೂರು ಲೋಟ ಕಾಫಿ ಬಂತು. ನಾವು ಐದು ಜನರಿದ್ದೆವು.

"ಸರ್ವೇಯರ್ರೇ, ಇದು ಉಪಗ್ರಹದಿಂದ ಬರೋ ಅಳತೆ," ಎಂದರು ಸಂಚಾಲಕರು. "ನಿಮ್ಮ ಟೇಪಿಗೆ ತುಕ್ಕು ಹಿಡಿದಿರಬಹುದು. ಆಕಾಶಕ್ಕೆ ತುಕ್ಕು ಹಿಡಿಯಲ್ಲ."

ಪುಟ್ಟೇಗೌಡರು ಬಾಯಿ ಹಾಕಿದರು: "ಅಲ್ಲಾ ಸ್ವಾಮಿ, ರಸ್ತೆ ಅಲ್ಲೇ ಬಿದ್ದೈತೆ. ಅದ್ರುದ್ದ ಎಷ್ಟು ಅಂತ ಆಕಾಶದ ತಾವ ಯಾಕ್ ಕೇಳ್ಬೇಕು?"

ಗಡಿಯಾರ ಬರೆದಿಟ್ಟುಕೊಂಡ ದಾರಿಯನ್ನು ಕಂಪ್ಯೂಟರಿನಲ್ಲಿ ನೋಡಬಹುದೆಂದು ಸದಸ್ಯರೊಬ್ಬರು ಹೇಳಿದಾಗ ಅದನ್ನು ತೋರಿಸುವಂತೆ ಕೇಳಿದೆ. ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ಆ ರಸ್ತೆಯ ಎರಡನೆಯ ಮತ್ತು ನಾಲ್ಕನೆಯ ಕಿಲೋಮೀಟರಿನ ನಡುವೆ ಹನ್ನೊಂದು ತಿರುವುಗಳಿವೆ. ನಾಲ್ಕು ತೀರಾ ಕಡಿದಾದವು. ಎರಡೂ ಬದಿಯ ಸಿಲ್ವರ್ ಓಕ್ ಮರಗಳು ಮೇಲೆ ಕೂಡಿಕೊಂಡು ಆಕಾಶ ಕಾಣುವುದೇ ಕಷ್ಟ. ಗಡಿಯಾರವು ಕೆಲವು ಸೆಕೆಂಡುಗಳಿಗೊಮ್ಮೆ ಒಂದು ಬಿಂದು ಗುರುತಿಸಿ, ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ. ಮರಗಳ ಅಡಿಯಲ್ಲಿ ಸಂಕೇತ ತಪ್ಪಿದಾಗ ಬಿಂದುಗಳು ದೂರ ದೂರವಾಗುತ್ತವೆ. ಹಾಗಾಗಿ ಪರದೆಯ ಮೇಲಿನ ಗೆರೆ ತಿರುವುಗಳನ್ನೆಲ್ಲ ಬಿಟ್ಟು ಕಾಫಿ ಪ್ಲಾಟುಗಳ ಮೇಲೆ ಅಡ್ಡಲಾಗಿ ಹಾದುಹೋಗಿತ್ತು. ಒಂದು ಕಡೆಯಂತೂ ಎಪ್ಪತ್ತು ಅಡಿ ಆಳದ ಹಳ್ಳದ ಮೇಲಿತ್ತು.

ಪುಟ್ಟೇಗೌಡರು ಕನ್ನಡಕ ಸರಿಮಾಡಿಕೊಂಡು ನೋಡಿ, "ನೀವು ಅವತ್ತು ಈ ಹಳ್ಳ ಹಾರ್‌ಬುಟ್ರಾ ಸ್ವಾಮಿ? ನನ್ ಮಗ್ಳು ಪಾಪ ಸುತ್ಕಂಡ್ ಬಂದ್ಲು," ಎಂದರು.

ಇಬ್ಬರು ಸದಸ್ಯರೂ ನಕ್ಕರು. ಸಂಚಾಲಕರು ನಗಲಿಲ್ಲ. "ಇದು ಚಿತ್ರ ಅಷ್ಟೇ. ಒಳಗೆ ಅದು ಸರಿಯಾಗಿ ಅಳೆದಿರುತ್ತೆ," ಎಂದರು.

ಬುಧವಾರ ಅವರ ಜೀಪಿನಲ್ಲೇ ಪರೀಕ್ಷೆ ಮಾಡಿದೆವು. ಮೊದಲು ಕುಂದೂರಿನ ಬಯಲಿನಲ್ಲಿ, ನಾನು ಹಿಂದೆ ಅಳೆದಿದ್ದ ಒಂದು ಕಿಲೋಮೀಟರಿನ ನೇರ ರಸ್ತೆಯಲ್ಲಿ. ಗಡಿಯಾರ 1.00 ಎಂದಿತು. ನ್ಯಾಯವಾಗಿ ಹೇಳಬೇಕಾದ್ದರಿಂದ ಇದನ್ನೂ ದಾಖಲಿಸುತ್ತಿದ್ದೇನೆ: ಬಯಲಿನಲ್ಲಿ ಆ ಯಂತ್ರದ ಮೇಲೆ ನನ್ನ ದೂರು ಏನೂ ಇಲ್ಲ. ಅನಂತರ ಯಸಳೂರು ಮಾರ್ಗದಲ್ಲಿ ಎರಡು ಸಲ ಹೋಗಿ ಬಂದೆವು. ಮೊದಲ ಸಲ 9.61, ಎರಡನೆಯ ಸಲ 9.38. ಓಟದ ದಿನದ್ದೂ ಸೇರಿ ಒಂದೇ ರಸ್ತೆಗೆ ಮೂರು ಉದ್ದಗಳಾದವು. ಸಂಚಾಲಕರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ಗಡಿಯಾರ ತಪ್ಪು ಅಂದ ಮಾತ್ರಕ್ಕೆ ನಿಮ್ಮದು ಸರಿ ಅಂತ ಆಗಲ್ಲ. ನನ್ನ ಕಣ್ಣೆದುರು ಅಳೀರಿ. ಟೇಪು ರಸ್ತೆ ಮೇಲೇ ಬಿದ್ದಿರಬೇಕು, ಒಂದಿಂಚೂ ಮೇಲೇಳಬಾರದು," ಎಂದರು.

ನನ್ನನ್ನು ಕಳ್ಳನಂತೆ ಕಾವಲು ಕಾಯುವ ಮಾತದು. ಆದರೂ ಒಪ್ಪಿದೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಆರಂಭಿಸಿದೆವು. ದ್ಯಾವಯ್ಯ ಮುಂದಿನ ತುದಿ, ನಾನು ಹಿಂದಿನದು. ಸಂಚಾಲಕರು ನೋಟ್‌ಬುಕ್ ಹಿಡಿದು ಪ್ರತಿ ಮೂವತ್ತು ಮೀಟರಿಗೂ ಗೆರೆ ಹಾಕುತ್ತಿದ್ದರು. ಅವರ ಕಣ್ಣು ಟೇಪಿನ ಮೇಲೆ; ಹಳೆಯ ಮೊಳೆಗಳನ್ನು ಹುಡುಕಿ ನೋಡುತ್ತಿದ್ದವನು ನಾನು. ಮೊದಲ ಐನೂರು ಮೀಟರಿನ ಮೊಳೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಿಕ್ಕಿತು. ಸಾವಿರದ್ದೂ ಹಾಗೆಯೇ. ಏರು ಆರಂಭವಾದ ಮೇಲೆ ಎರಡು ಸಾವಿರದ ಐನೂರರ ಮೊಳೆ, ಟೇಪು ಮುಗಿದ ಜಾಗಕ್ಕಿಂತ ಎರಡೂವರೆ ಮೀಟರ್ ಮುಂದಿತ್ತು. ಮೂರು ಸಾವಿರದ ಮೊಳೆ ಐದು ಮೀಟರ್ ಮುಂದಿತ್ತು. ಮಧ್ಯಾಹ್ನ ಒಂದೂವರೆಗೆ ಐದು ಸಾವಿರ ಮೀಟರ್ ಮುಗಿದಾಗ, ಡ್ರಮ್ ಇದ್ದ ಜಾಗದ ಮೊಳೆ ಇನ್ನೂ ಹನ್ನೊಂದು ಮೀಟರ್ ಆಚೆಗಿತ್ತು.

ಸಂಚಾಲಕರು ನೀರು ಕುಡಿಯಲು ಜೀಪಿನತ್ತ ಹೋಗಿದ್ದರು. ದ್ಯಾವಯ್ಯ ಕುಕ್ಕರುಗಾಲಿನಲ್ಲಿ ಕೂತು ಮೊಳೆ ನೋಡಿ, ನನ್ನ ಮುಖ ನೋಡಿದ.

"ಸ್ವಾಮಿ, ಅವತ್ತು ನಾವು ಹೊಲ ಅಳ್ದಂಗೆ ಅಳ್ದುಬುಟ್ವಿ ಕಣ್ರೀ."

ಅವನು ಹೇಳಿದ ಕ್ಷಣವೇ ನನಗೆ ಎಲ್ಲವೂ ಅರ್ಥವಾಯಿತು. ಜಮೀನು ಅಳೆಯುವಾಗ ನಾವು ಇಳಿಜಾರಿನ ಮೇಲೆ ಟೇಪು ಹಾಸುವುದಿಲ್ಲ. ಟೇಪನ್ನು ಎತ್ತಿ ಸಮತಲವಾಗಿ ಹಿಡಿದು, ತುದಿಯಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗುತ್ತೇವೆ. ಗುಡ್ಡದ ಜಮೀನಾದರೂ ದಾಖಲೆಯಲ್ಲಿ ಅದರ ವಿಸ್ತೀರ್ಣ ಸಮತಲದ್ದೇ. ಇಪ್ಪತ್ತೊಂಬತ್ತು ವರ್ಷದ ಆ ಅಭ್ಯಾಸದಿಂದ, ಯೋಚಿಸದೆಯೇ, ಏರಿನಲ್ಲಿ ನಮ್ಮ ಕೈಗಳು ಟೇಪನ್ನು ಎತ್ತಿದ್ದವು. ಆದರೆ ಓಡುವವರ ಕಾಲು ಸಮತಲದಲ್ಲಿ ಓಡುವುದಿಲ್ಲ. ರಸ್ತೆಯ ಮೇಲೆ ಓಡುತ್ತದೆ. ಹೋಗುವಾಗ ಹನ್ನೊಂದು, ಬರುವಾಗ ಹನ್ನೊಂದು: ನನ್ನ ಮಾರ್ಗ ಹತ್ತು ಕಿಲೋಮೀಟರಿಗಿಂತ ಇಪ್ಪತ್ತೆರಡು ಮೀಟರ್ ಹೆಚ್ಚಿತ್ತು.

"ಅವ್ರು ಬರಾದ್ರೊಳ್ಗೆ ಮೊಳೆ ಕಿತ್ತು ಈ ಕಡೀಕೆ ಹೊಡ್ದುಬುಡ್ಲಾ?" ಎಂದ ದ್ಯಾವಯ್ಯ. "ಹೆಂಗೂ ಕಮ್ಮಿ ಇಲ್ವಲ್ಲ, ಜಾಸ್ತಿ ತಾನೆ. ಯಾರಿಗ್ ನಷ್ಟ?"

ಸಂಚಾಲಕರ ಎದುರು, ಸ್ಟೂಲು ತೋರಿಸಿದವರ ಎದುರು, ನನ್ನ ತಪ್ಪು ಒಪ್ಪುವುದು ನನಗೆ ಸುಲಭವಾಗಿರಲಿಲ್ಲವೆಂದು ಬರೆದರೆ ಸಾಕು. ಮೊಳೆ ಮುಟ್ಟಬೇಡವೆಂದು ಹೇಳಿ ಅವರನ್ನು ಕೂಗಿ ಕರೆದೆ, ನಡೆದದ್ದನ್ನು ವಿವರಿಸಿದೆ.

"ಅಂದ್ರೆ ನಿಮ್ಮ ಅಳತೆ ತಪ್ಪು ಅಂತ ನೀವೇ ಒಪ್ಪಿದ ಹಾಗಾಯ್ತು?"

"ಒಪ್ಪಿದೆ. ಹನ್ನೊಂದು ಮೀಟರ್ ಹೆಚ್ಚು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ನಾನು ಸಹಿ ಹಾಕುತ್ತೇನೆ. ಅದರ ಕೆಳಗೆ 9.43, 9.61, 9.38 ಅಂತ ಬರೆದು ನೀವು ಸಹಿ ಹಾಕಿ."

ಅವರು ಬರೆದರು, ಇಬ್ಬರೂ ಸಹಿ ಹಾಕಿದೆವು. ಶುಕ್ರವಾರ ಸಮಿತಿಯಿಂದ ಒಂದು ಸಾಲಿನ ಪತ್ರ ಬಂತು: 'ಮರು ಅಳತೆಯ ಆಧಾರದ ಮೇಲೆ ಸದರಿ ಸಮಯವನ್ನು ಮಾನ್ಯ ಮಾಡಲಾಗಿದೆ.' 'ಅಂದಾಜಿನ ಮೇಲೆ' ಎಂಬ ಮಾತನ್ನು ಹಿಂಪಡೆದ ಪತ್ರ ಮಾತ್ರ ಇಂದಿನವರೆಗೂ ಬಂದಿಲ್ಲ. ಸಂಚಾಲಕರು ಆಮೇಲೆ ನಾಲ್ಕು ಸಲ ಸಿಕ್ಕಿದ್ದಾರೆ. ಹವಾಮಾನದ ಬಗ್ಗೆ ಮಾತನಾಡಿದ್ದಾರೆ.

ಶನಿವಾರ ಪಟ್ಟಿ ಹೋಯಿತು. ಮರುದಿನ ಪುಟ್ಟೇಗೌಡರು ಮಗಳೊಡನೆ ಯಸಳೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಅವರು ಕೈಮುಗಿದರು. ಸುಮಿತ್ರಾ ಮುಗಿಯಲಿಲ್ಲ. ಅಪ್ಪನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದಳು.

"ಸಾರ್, ಹಂಗಾದ್ರೆ ನಾನು ಇಪ್ಪತ್ತೆರಡು ಮೀಟ್ರು ಜಾಸ್ತಿ ಓಡಿದ್ನಾ?"

"ಹೌದಮ್ಮ."

"ಅಂದ್ರೆ ಐದು ಸೆಕೆಂಡು. ನನ್ ಟೈಮು ಮೂವತ್ತೊಂಬತ್ತು ನಲವತ್ತೊಂದು ಆಗ್ಬೇಕಿತ್ತು. ಅದ್ನ ಯಾರ್ ತಿದ್ದುತಾರೆ?"

"ಏ, ಸುಮ್ನಿರೇ," ಎಂದರು ಪುಟ್ಟೇಗೌಡರು.

ತಿದ್ದಲು ನಿಯಮದಲ್ಲಿ ಅವಕಾಶವಿರಲಿಲ್ಲ. ಮಾರ್ಗ ಹೆಚ್ಚಿದ್ದರೆ ಸಮಯ ಕಡಿಮೆ ಮಾಡುವ ಪದ್ಧತಿಯಿಲ್ಲವೆಂದು ಅವಳಿಗೆ ಹೇಳಿದೆ. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದು, ಬಸ್ಸು ಬಂದಾಗ ಹತ್ತಿ ಹೋದಳು. ಆ ನೋಟ ನನಗೆ ಅಪರಿಚಿತವಾದದ್ದಲ್ಲ. ಎಸ್ಟೇಟ್ ಆಫೀಸಿನಲ್ಲಿ ಎರಡು ದಿನಗಳ ಹಿಂದಷ್ಟೇ ನಾನು ಸಂಚಾಲಕರನ್ನು ಹಾಗೆಯೇ ನೋಡಿದ್ದೆನೆಂದು ಈಗ ಬರೆಯಹೊರಟು, ಅಂದಿನ ದಿನಚರಿ ತೆಗೆದು ನೋಡಿದೆ: ಎರಡಲ್ಲ, ಐದು ದಿನಗಳ ಹಿಂದೆ.

ಅಂದಿನಿಂದ ನಿವೃತ್ತಿಯಾಗುವವರೆಗೆ ನಾನು ಸಹಿ ಹಾಕಿದ ಪ್ರತಿ ನಕ್ಷೆಯ ಕೆಳಗೆ ಅಳತೆಯ ಜೊತೆಗೆ ಇನ್ನೆರಡು ಸಾಲು ಬರೆಯುತ್ತಿದ್ದೆ: ಯಾವ ಸಾಧನದಿಂದ ಅಳೆದೆ, ಟೇಪನ್ನು ಹೇಗೆ ಹಿಡಿದೆ. ಮೇಲಧಿಕಾರಿಗಳು ಅನಗತ್ಯವೆಂದು ಎರಡು ಸಲ ಟಿಪ್ಪಣಿ ಹಾಕಿದರು. ನಾನು ನಿಲ್ಲಿಸಲಿಲ್ಲ. ನನ್ನ ಅಳತೆಯ ಮೇಲೆ ಬಂದ ತಕರಾರುಗಳಲ್ಲಿ ನಿಜವಾಗಿ ನಿಲ್ಲುವಂಥದು ಒಂದೇ ಒಂದು, ಅದೂ ಬರವಣಿಗೆಯಲ್ಲಿ ಬಂದದ್ದಲ್ಲ. ಆ ಐದು ಸೆಕೆಂಡುಗಳನ್ನು ಅವಳಿಗೆ ಕೊಡಿಸಲು ನನ್ನಿಂದ ಆಗಲಿಲ್ಲ.