ಜಾಜಿಕಾಯಿಯ ಮೂರು ಸುತ್ತು

ಬೆಳಗಾವಿಯ ಅನಗೋಳದ ನಮ್ಮ ಮನೆಯಲ್ಲಿ ಜಾಜಿಕಾಯಿ ಇಲ್ಲದ ದಿನವಿರಲಿಲ್ಲ. ತಲೆನೋವಿಗೆ ನೀರಿನಲ್ಲಿ ತೇಯ್ದು ಹಣೆಗೆ ಲೇಪ, ನಿದ್ದೆ ಬಾರದವರಿಗೆ ಬಿಸಿ ಹಾಲಿನಲ್ಲಿ ಚಿಟಿಕೆ, ಕೂಸಿನ ಭೇದಿಗೆ ತಾಯಿಯ ಹಾಲಿನಲ್ಲಿ ತೇಯ್ದ ಗಂಧ. ಕೂಸಿಗಾದರೆ ಸಾಣೆಕಲ್ಲಿನ ಮೇಲೆ ಮೂರೇ ಸುತ್ತು. ಅತ್ತೆ ಕಲಿಸಿದ ಈ ಲೆಕ್ಕದಲ್ಲಿ ನನ್ನ ನಾಲ್ಕು ಮಕ್ಕಳು ಬೆಳೆದವು.

ಎರಡು ಸಾವಿರದ ಇಸವಿಯ ಸುಮಾರು. ಬಾಣಂತನ ಮುಗಿಸಿ ಮಗಳನ್ನು ಖಾನಾಪುರದ ಗಂಡನ ಮನೆಗೆ ಕಳಿಸಿ ವಾರವಾಗಿತ್ತು. ಮೂರು ತಿಂಗಳ ಕೂಸಿಗೆ ಭೇದಿ ಹತ್ತಿದೆಯೆಂದು ಫೋನ್ ಬಂದಿತು. ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಹೊಸ ಜಾಜಿಕಾಯಿಯೊಂದು ಸಂಚಿಯಲ್ಲಿತ್ತು. ಕಲ್ಲು ಭಾರ, ಒಯ್ಯಲಿಲ್ಲ.

ಬೀಗತಿ ತಮ್ಮ ಕಲ್ಲು ತಂದಿಟ್ಟರು. "ಹ್ವಾದ ವಾರ ಕಲ್ಲು ಕುಟ್ಟಾಕಿ ಬಂದಿದ್ಲು. ಇದಕ್ಕೂ ಉಳಿ ಹೊಡಿಸೇನ್ರಿ, ಭಾಳ ನುಣ್ಣಗಾಗಿತ್ತು." ನಾನು ಸುತ್ತು ಎಣಿಸುವುದನ್ನು ಕಂಡು ನಕ್ಕರು: "ಬೀಗತ್ಯಾರ, ಗಡಿಯಾರಾನೂ ನಿಮ್ಮನ್ನ ಕೇಳೇ ನಡೀತೈತಿ ನೋಡ್ರಿ."

"ಹಂಗ ನಡದಿದ್ದಕ್ಕ ನನ್ನ ಮಕ್ಕಳು ನೆಟ್ಟಗ ಬೆಳದಾವ್ರಿ," ಎಂದೆ.

ಒಂದು, ಎರಡು, ಮೂರು. ಗಂಧ ದಪ್ಪಗೆ ಬಂದಿತು. ಒಳ್ಳೆಯ ಕಾಯಿ ಎಂದುಕೊಂಡು ಬೆರಳಿನಿಂದ ನೆಕ್ಕಿಸಿದೆ.

ಭೇದಿ ನಿಂತಿತು, ಕೂಸು ಮಲಗಿತು. ಹತ್ತು ಗಂಟೆಗೆ ಹಾಲಿಗೆ ಏಳಲಿಲ್ಲ. ಮಲಗಲಿ ಬಿಡು ಎಂದೆ. ಹನ್ನೆರಡಕ್ಕೂ ಏಳಲಿಲ್ಲ. ಮಗಳು ಅದರ ಅಂಗಾಲು ಚಿವುಟಿದಳು. ಕಾಲು ಅಲುಗಲಿಲ್ಲ.

"ಯವ್ವಾ, ಕೂಸು ಕಣ್ಣ ತೆರಿವಲ್ದು!"

ಬಾಡಿಗೆಯ ಟ್ರ್ಯಾಕ್ಸ್ ಜೀಪಿನಲ್ಲಿ ಬೆಳಗಾವಿಗೆ ಹೊರಟೆವು. ದಾರಿಯ ಮಚ್ಛೆ ಊರಿನಲ್ಲಿ ಕಾರ್ಖಾನೆಯ ಪಾಳಿ ಬಿಟ್ಟು ರಸ್ತೆ ತುಂಬ ಸೈಕಲ್ಲುಗಳು. ಮಗಳು ಕೂಸಿನ ಮೂಗಿಗೆ ಕೆನ್ನೆ ಹಚ್ಚಿ ಉಸಿರು ನೋಡುತ್ತಲೇ ಇದ್ದಳು.

"ಏನು ಕೊಟ್ರಿ?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಜಾಜಿಕಾಯಿ ರೀ. ಮೂರೇ ಸುತ್ತು, ಲೆಕ್ಕ ತಪ್ಪಿಲ್ಲ."

"ಸುತ್ತು ನನಗ ತಿಳಿಯೂದಿಲ್ಲ, ಅಮ್ಮಾರ. ಹೊಟ್ಟ್ಯಾಗ ಎಷ್ಟು ಹೋಗೈತಿ?"

ತೋರಿಸಲೆಂದು ಸಂಚಿಯಿಂದ ಕಾಯಿ ತೆಗೆದೆ. ಒಂದು ಮಗ್ಗಲು ಚಪ್ಪಟೆಯಾಗಿತ್ತು. ಅನಗೋಳದಲ್ಲಿ ತಿಂಗಳಿಗೂ ಕಾಯಿ ಅಷ್ಟು ಸವೆಯುತ್ತಿರಲಿಲ್ಲ. ಮೂರು ಸುತ್ತು ನಮ್ಮ ನುಣುಪು ಕಲ್ಲಿನ ಲೆಕ್ಕ. ಇದು ಉಳಿ ಹೊಡೆಸಿದ ಒರಟು ಕಲ್ಲು. ಬೀಗತಿ ಹೇಳಿಯೂ ಇದ್ದರು. ನಾನು ಎಣಿಸುತ್ತ ಕುಳಿತಿದ್ದೆ. ಕಾಯಿಯನ್ನು ಡಾಕ್ಟರ ಕೈಗಿಟ್ಟು ಅಷ್ಟನ್ನೂ ಹೇಳಿದೆ. ಮಗಳು ಪಕ್ಕದಲ್ಲೇ ನಿಂತು ಕೇಳಿದಳು.

ಮರುದಿನ ಮಧ್ಯಾಹ್ನ ಕೂಸು ಅತ್ತಿತು. ಎತ್ತಿಕೊಳ್ಳಲು ಕೈ ಚಾಚಿದೆ. ಮಗಳು ಅದನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಬ್ಯಾಡಬೇ ಯವ್ವಾ. ನೀ ಮನಿಗೆ ಹೋಗು."

ಹೋದೆ. ಆಮೇಲೆ ಆ ಮಗು ನಮ್ಮ ಮನೆಗೆ ಬಂದಾಗಲೆಲ್ಲ ಹಾಲು, ನೀರು ಎಲ್ಲವನ್ನೂ ಮಗಳೇ ಕುಡಿಸಿದಳು.